ರಾತ್ರಿಯಿಡೀ ಆಡುವ ‘ಕುರುಕ್ಷೇತ್ರ’ವನ್ನು ಐದು ಗಂಟೆಗೆ ಇಳಿಸುವುದು ಹೇಗೆ?

ಪ್ರಶ್ನೆ: ನಾಗಮಂಗಲ ಸೀಮೆಯ ಯುವಕ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಊರು. ಬರುವ ಬೇಸಿಗೆಯಲ್ಲಿ ಊರಹಬ್ಬದ ಮಾರನೆಯ ದಿನ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡಬೇಕೆಂದು ತೀರ್ಮಾನವಾಗಿದೆ. ಒಕ್ಕಣೆಯೆಲ್ಲ ಮುಗಿದು ಮುಂಗಾರಿನ ಬಿತ್ತನೆಗೆ ಇನ್ನೂ ಸಮಯವಿರುವ, ಶಾಲೆಗಳಿಗೆ ರಜೆಯಿರುವ, ಬೆಂಗಳೂರಿನಲ್ಲಿ ದುಡಿಯುವವರು ಊರಿಗೆ ಬಂದು ಸೇರುವ ಕಾಲ ಅದೊಂದೇ ಆದ್ದರಿಂದ, ನಮ್ಮ ಕಡೆ ಹೆಚ್ಚಿನ ನಾಟಕಗಳು ಶಿವರಾತ್ರಿಯಿಂದ ಮೇ ತಿಂಗಳ ಕೊನೆಯವರೆಗಿನ ಅವಧಿಯಲ್ಲೇ ನಡೆಯುತ್ತವೆ.

ಹಿಂದೆ ನಮ್ಮೂರಿನ ನಾಟಕ ರಾತ್ರಿ ಒಂಬತ್ತಕ್ಕೆ ಆರಂಭವಾದರೆ ಗದಾಯುದ್ಧ ಮುಗಿಯುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಈಗ ಹಾಗೆ ಆಡುವುದು ಕಷ್ಟವಾಗಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ಅಷ್ಟೇ. ನಿಯಮವನ್ನು ಬದಿಗಿಟ್ಟು ನೋಡಿದರೂ, ರಾತ್ರಿ ಎರಡು ಗಂಟೆ ದಾಟಿದ ಮೇಲೆ ಎದುರಿಗೆ ಉಳಿಯುವವರು ಪಾತ್ರಧಾರಿಗಳ ಮನೆಯವರು ಮಾತ್ರ. ಆದ್ದರಿಂದ ಸಂಜೆ ಏಳಕ್ಕೆ ಆರಂಭಿಸಿ ಹನ್ನೆರಡಕ್ಕೆ ಮುಗಿಸಬೇಕೆಂಬುದು ನಮ್ಮ ಆಸೆ.

ಆದರೆ ಏನನ್ನು ಬಿಡಬೇಕು ಎಂಬಲ್ಲಿಗೆ ಬಂದಾಗ ಊರು ಎರಡಾಗಿದೆ. ಪದ್ಯಗಳನ್ನು ಅರ್ಧಕ್ಕೆ ಇಳಿಸಿದರಾಯಿತು ಎಂದು ನನ್ನ ಓರಗೆಯವರು ಹೇಳುತ್ತಾರೆ; ಪದ್ಯವಿಲ್ಲದ ಮೇಲೆ ಅದನ್ನು ನಾಟಕವೆಂದು ಯಾಕೆ ಕರೆಯಬೇಕು ಎಂದು ಹಿರಿಯರು ಕೇಳುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ ಬಣ್ಣ ಹಚ್ಚುವ ಪದ್ಧತಿ ನಮ್ಮಲ್ಲಿರುವುದರಿಂದ, ಕೃಷ್ಣನಿಗೆ ಮೂವರು, ದುರ್ಯೋಧನನಿಗೆ ಇಬ್ಬರು ಈಗಾಗಲೇ ನಿಂತಿದ್ದಾರೆ. ಯಾರ ದೃಶ್ಯವನ್ನು ತೆಗೆದರೂ ಹಣ ಕೊಟ್ಟವರ ಪದ್ಯವನ್ನು ಕಿತ್ತುಕೊಂಡಂತಾಗುತ್ತದೆ. ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹಾರ್ಮೋನಿಯಂ ಮೇಷ್ಟ್ರು, ತುಮಕೂರು ಜಿಲ್ಲೆ

ತಮ್ಮಾ, ಗಡಿಯಾರ ಹಿಡಿದು ಮೊದಲು ಅಳೆಯಬೇಕಾದದ್ದು ಪದ್ಯವನ್ನಲ್ಲ. ಒಂದು ಕಂದಪದ್ಯವೆಂದರೆ ನಾಲ್ಕು ಸಾಲು. ಹನ್ನೆರಡು, ಇಪ್ಪತ್ತು, ಮತ್ತೆ ಹನ್ನೆರಡು, ಇಪ್ಪತ್ತು ಮಾತ್ರೆಗಳು. ಮುಂದೆ ಒಂದಿಷ್ಟು ಆಲಾಪನೆ ಸೇರಿಸಿ ಹಾಡಿದರೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ರಾತ್ರಿಯನ್ನು ತಿನ್ನುವುದು ಪದ್ಯದ ಆಚೆಗಿನ ಸಂಗತಿಗಳು. ಉದ್ಘಾಟನೆಗೆ ಬರಬೇಕಾದ ಮುಖಂಡರು ಬರುವವರೆಗೆ ಪರದೆ ಏಳುವುದಿಲ್ಲ. ಬಂದ ಮೇಲೆ ಭಾಷಣ, ಸನ್ಮಾನ. ಪ್ರತಿಯೊಬ್ಬ ಪಾತ್ರಧಾರಿ ಒಳಗೆ ಬಂದು ಮೊದಲ ಪದ್ಯ ಹಾಡಿದ ಕೂಡಲೇ ಬಂಧುಗಳು ಹಾರ ಹಿಡಿದು ರಂಗಕ್ಕೆ ಹತ್ತುತ್ತಾರೆ, ನೋಟಿನ ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಆಮೇಲೆ ‘ಒನ್ಸ್ ಮೋರ್’ ಕೂಗು. ಇದೆಲ್ಲವನ್ನೂ ಹದಕ್ಕೆ ತಂದರೆ ಒಂದು ಪದ್ಯವನ್ನೂ ಮುಟ್ಟದೆ ಎರಡು ಗಂಟೆ ಉಳಿಯುತ್ತದೆ.

ಅಷ್ಟರ ಮೇಲೂ ಬರಹವನ್ನು ಕತ್ತರಿಸಬೇಕಾಗುತ್ತದೆ, ನಿಜ. ಆಗ ಮಾತಿನಲ್ಲಿ ಹೇಳಿದ್ದನ್ನೇ ಪದ್ಯ ಮತ್ತೆ ಹೇಳುತ್ತಿದ್ದರೆ ಮಾತನ್ನು ತೆಗೆದು ಪದ್ಯವನ್ನು ಉಳಿಸಬೇಕು. ಜನ ಕೇಳಲು ಬಂದಿರುವುದು ಅದನ್ನೇ. ದರ್ಬಾರಿನ ದೃಶ್ಯದಲ್ಲಿ ಶಕುನಿ, ಕರ್ಣ, ದುಶ್ಶಾಸನ ಒಬ್ಬರಾದ ಮೇಲೊಬ್ಬರು ಎದ್ದು ಒಂದೇ ಅರ್ಥದ ಶಪಥವನ್ನು ಹಾಡುವ ಕಡೆ ಮಾತ್ರ ಪ್ರತಿಯೊಬ್ಬನಿಗೂ ಒಂದೊಂದು ಪದ್ಯ ಸಾಕು. ಹೀಗೆ ಮಾಡಿದರೆ ಯಾರ ಪದ್ಯವೂ ಪೂರ್ತಿ ಹೋಗುವುದಿಲ್ಲ, ಎಲ್ಲರಿಗೂ ಒಂದಿಷ್ಟು ಕಡಿಮೆಯಾಗುತ್ತದೆ.

ಶ್ರುತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈಕು ಇಲ್ಲದ ಕಾಲದ ಕಂಪನಿ ನಾಟಕಗಳಲ್ಲಿ ಕೊನೆಯ ಸಾಲಿನವರಿಗೆ ಕೇಳಬೇಕಾದರೆ ಗಂಡಸರು ಏರು ಶ್ರುತಿಯಲ್ಲಿ ಹಾಡಲೇಬೇಕಾಗಿತ್ತು. ಆ ರೂಢಿ ಹಳ್ಳಿಗಳಿಗೆ ಬಂದು ಹಾಗೇ ಉಳಿದಿದೆ. ಇಂದು ರಂಗದ ಮೇಲೆ ಸಾಲಾಗಿ ಮೈಕುಗಳು ತೂಗುತ್ತಿರುವಾಗಲೂ, ಹಗಲೆಲ್ಲ ಬಿಸಿಲಿನಲ್ಲಿ ಓಡಾಡಿ ಬಂದ ಮನುಷ್ಯನಿಗೆ ನಾಲ್ಕು ಮನೆಯ (ಮನೆಯೆಂದರೆ ಹಾರ್ಮೋನಿಯಂನ ಕೀಲಿ; ಸಂಖ್ಯೆ ಏರಿದಷ್ಟೂ ಶ್ರುತಿ ಏರುತ್ತದೆ) ಶ್ರುತಿಯಲ್ಲಿ ಹಾಡು ಎನ್ನುವುದು ಅನ್ಯಾಯ. ಎರಡನೆಯ ದೃಶ್ಯಕ್ಕೇ ಗಂಟಲು ಕಟ್ಟಿ, ಸ್ವರ ಹುಡುಕುತ್ತಾ ಆಲಾಪನೆ ಬೆಳೆಯುತ್ತದೆ; ಹೊತ್ತು ಅಲ್ಲಿಯೂ ಹೋಗುತ್ತದೆ. ಅವರವರ ಕಂಠಕ್ಕೆ ತಕ್ಕಂತೆ ಒಂದೂವರೆಯೋ ಎರಡೋ ಮನೆ ಗೊತ್ತುಮಾಡಿ, ಸಂಕ್ರಾಂತಿ ಕಳೆದ ಕೂಡಲೇ ತಾಲೀಮು ಆರಂಭಿಸಿ. ಎಲ್ಲವನ್ನೂ ಮೋಹನ, ಕಲ್ಯಾಣಿಗಳಲ್ಲೇ ಹಾಡಿಸದೆ, ದುರ್ಯೋಧನನ ಕೋಪಕ್ಕೆ ಅಠಾಣ, ಕುಂತಿಯ ದುಃಖಕ್ಕೆ ಮುಖಾರಿ ಎಂದು ದೃಶ್ಯಕ್ಕೊಂದು ರಾಗವನ್ನು ಮೊದಲೇ ನಿಗದಿ ಮಾಡಿಕೊಂಡರೆ ಹಾಡುವವನಿಗೂ ಧೈರ್ಯ, ಕೇಳುವವರಿಗೂ ಬೇಸರವಿಲ್ಲ.

ಉತ್ತರ: ಸ್ತ್ರೀಪಾತ್ರಗಳ ಕಲಾವಿದೆ, ಮೈಸೂರು

ಮೇಷ್ಟ್ರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನಾಟಕವನ್ನು ಕಿರಿದು ಮಾಡಲು ಕುಳಿತಾಗ ಕತ್ತರಿ ಮೊದಲು ಬೀಳುವುದು ಎಲ್ಲಿಗೆ ಎಂಬುದನ್ನು ಈ ವೃತ್ತಿಯಲ್ಲಿರುವ ನನ್ನಂಥವರು ಬಹಳ ಊರುಗಳಲ್ಲಿ ನೋಡಿದ್ದೇವೆ. ಗಂಡುಪಾತ್ರದವರು ಹಣ ಕಟ್ಟಿರುತ್ತಾರೆ. ನಾವು ಸಂಭಾವನೆ ಪಡೆದು ಬರುವವರು. ಆದ್ದರಿಂದ ಉತ್ತರೆ, ಸುಭದ್ರೆ, ರುಕ್ಮಿಣಿ, ಗಾಂಧಾರಿಯರ ದೃಶ್ಯಗಳನ್ನು ತೆಗೆದರೆ ಕೇಳುವವರು ಯಾರೂ ಇರುವುದಿಲ್ಲ.

ದಯವಿಟ್ಟು ಕರ್ಣ–ಕುಂತಿಯರ ದೃಶ್ಯವನ್ನು ಮುಟ್ಟಬೇಡಿ. ಗಂಗೆಯ ತೀರದಲ್ಲಿ ತಾಯಿ ಬಂದು ಮಗನಲ್ಲಿ ಮಾತು ಬೇಡದಿದ್ದರೆ, ಆಮೇಲೆ ರಥದ ಗಾಲಿ ಹೂತಾಗ ಸಾಯುವವನು ಯಾರೋ ಒಬ್ಬ ಯೋಧ ಮಾತ್ರ. ಅಭಿಮನ್ಯುವೂ ಹಾಗೆಯೇ; ಉತ್ತರೆ ಅವನನ್ನು ತಡೆಯುವ ಒಂದು ಪದ್ಯವಾದರೂ ಇಲ್ಲದೆ ಪದ್ಮವ್ಯೂಹಕ್ಕೆ ಕಳುಹಿಸಿದರೆ ಆ ಸಾವಿನ ಭಾರ ಯಾರಿಗೂ ತಟ್ಟುವುದಿಲ್ಲ. ಹಳ್ಳಿಗಳಲ್ಲಿ ನಾಟಕ ನೋಡುವವರಲ್ಲಿ ಹೆಂಗಸರು ಎಷ್ಟು ಮಂದಿ ಎಂಬುದನ್ನು ಒಮ್ಮೆ ರಂಗದ ಮೇಲಿಂದ ನೋಡಿದರೆ ನಿಮಗೇ ತಿಳಿಯುತ್ತದೆ.

ಇನ್ನೊಂದು ಮುಖ್ಯ ವಿಷಯ. ನೀವು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತೀರಿ, ನಾವು ಬರುವುದು ಹೆಚ್ಚೆಂದರೆ ಒಂದು ತಾಲೀಮಿಗೆ. ಬೇಸಿಗೆಯಲ್ಲಿ ಇವತ್ತು ಒಂದೂರು, ನಾಳೆ ಇನ್ನೊಂದೂರು. ಒಂದೊಂದು ಊರಿನ ಕುರುಕ್ಷೇತ್ರದಲ್ಲಿಯೂ ಪದ್ಯಗಳ ಕ್ರಮ ಬೇರೆ. ಬಿಟ್ಟ ಭಾಗಗಳನ್ನು ಗೆರೆ ಹಾಕಿ ಗುರುತಿಸಿದ ಪುಟಗಳ ಫೋಟೋವನ್ನು ಹದಿನೈದು ದಿನ ಮೊದಲೇ ವಾಟ್ಸಾಪಿನಲ್ಲಿ ಕಳುಹಿಸಿದರೆ ನಾವು ಸಿದ್ಧವಾಗಿ ಬರುತ್ತೇವೆ. ಇಲ್ಲವಾದರೆ ನೀವು ಬಿಟ್ಟ ಪದ್ಯವನ್ನು ನಾವು ಎತ್ತುತ್ತೇವೆ, ನೀವು ಉಳಿಸಿಕೊಂಡ ಮಾತಿಗೆ ನಾವು ಉತ್ತರ ಕೊಡಲಾರೆವು.

ಬೆಳಗಿನವರೆಗೆ ಆಡುತ್ತಿದ್ದಾಗ ನಾಟಕ ಮುಗಿಯುವ ಹೊತ್ತಿಗೆ ಮೊದಲ ಬಸ್ಸು ಸಿಗುತ್ತಿತ್ತು. ಹನ್ನೆರಡಕ್ಕೆ ಮುಗಿಸುವ ಸಮಿತಿಯವರು ಕಲಾವಿದೆಯರನ್ನು ಮನೆಗೆ ಮುಟ್ಟಿಸುವ ವಾಹನವನ್ನೂ, ಬಣ್ಣ ಹಚ್ಚಿಕೊಳ್ಳಲು ಚಿಲಕವಿರುವ ಕೋಣೆಯನ್ನೂ, ಹತ್ತಿರದಲ್ಲೇ ಶೌಚಾಲಯವನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಬೇಕು. ಇದನ್ನು ಕೇಳಿ ಪಡೆಯುವ ಸ್ಥಿತಿ ಯಾವ ಕಲಾವಿದೆಗೂ ಬರಬಾರದು.

ಉತ್ತರ: ನಾಟಕ ಸಮಿತಿಯ ಹಿರಿಯರೊಬ್ಬರು, ಹಾಸನ ಜಿಲ್ಲೆ

ಮೇಷ್ಟ್ರೇ, ಹಾರದ ವಿಷಯದಲ್ಲಿ ನಿಮ್ಮೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಅಳಿಯ ಭೀಮನ ಪಾತ್ರ ಮಾಡುತ್ತಾನೆಂದು ದೂರದ ಊರಿನಿಂದ ಬಂದ ಮಾವ, ತಂದ ಹಾರವನ್ನು ಕೈಯಲ್ಲೇ ಹಿಡಿದು ಹಿಂದಿರುಗಬೇಕೆ? ಇದು ಮದುವೆಯ ಮುಯ್ಯಿಯಷ್ಟೇ ಗಂಭೀರವಾದ ಸಂಬಂಧ. ಅದನ್ನು ನಿಲ್ಲಿಸಿದ ಊರಿನಲ್ಲಿ ಮುಂದಿನ ವರ್ಷ ಪಾತ್ರಕ್ಕೆ ಹಣ ಕಟ್ಟುವವರೇ ಇರುವುದಿಲ್ಲ. ನಾವು ಕಂಡುಕೊಂಡ ಕ್ರಮವೆಂದರೆ, ಪ್ರಾರ್ಥನೆಗೆ ಮೊದಲೇ ಎಲ್ಲ ಪಾತ್ರಧಾರಿಗಳನ್ನೂ ವೇಷದಲ್ಲಿ ಸಾಲಾಗಿ ನಿಲ್ಲಿಸಿ, ಬಂಧುಗಳನ್ನು ಒಮ್ಮೆಗೇ ರಂಗಕ್ಕೆ ಕರೆದು, ಹಾರ ಮತ್ತು ಉಡುಗೊರೆಗಳನ್ನು ಅಲ್ಲಿಯೇ ಮುಗಿಸುವುದು. ಮುಖಂಡರ ಸನ್ಮಾನವೂ ಅದರೊಳಗೇ. ಆಮೇಲೆ ಪರದೆ ಎದ್ದರೆ ನಾಟಕ ಮಾತ್ರ.

ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಅದರ ನೆನಪಿನಲ್ಲಿ ನಮ್ಮ ಹಳ್ಳಿಗಳವರೂ ಗೀತೋಪದೇಶಕ್ಕೆ ರಥ, ದೀಪದ ಚಮತ್ಕಾರ ಎಂದು ಆಸೆಪಡುತ್ತಾರೆ. ಆಸೆ ಸರಿಯಾದದ್ದೇ, ಆದರೆ ಕಂಪನಿಯವರಿಂದ ಕಲಿಯಬೇಕಾದ ಇನ್ನೊಂದು ಜಾಣ್ಮೆಯಿದೆ. ಮುಂದಿನ ಬೀದಿ ಪರದೆಯ ಎದುರು ಇಬ್ಬರ ಚಿಕ್ಕ ದೃಶ್ಯ ನಡೆಯುತ್ತಿರುವಾಗಲೇ ಹಿಂದೆ ದರ್ಬಾರನ್ನು ಸಜ್ಜುಗೊಳಿಸುತ್ತಿದ್ದರು. ಸೀನರಿಯವರೊಂದಿಗೆ ಕುಳಿತು ದೃಶ್ಯಗಳನ್ನು ಹೀಗೆ ಒಂದು ಚಿಕ್ಕದು, ಒಂದು ದೊಡ್ಡದು ಎಂದು ಜೋಡಿಸಿಕೊಂಡರೆ ಕತ್ತಲೆಯಲ್ಲಿ ಜನರನ್ನು ಕಾಯಿಸುವ ಪ್ರಸಂಗವೇ ಬರುವುದಿಲ್ಲ.

ಮೂವರು ಕೃಷ್ಣರು ಸಮಸ್ಯೆಯಲ್ಲ. ದ್ವಾರಕೆಯ ಕೃಷ್ಣ ಒಬ್ಬ, ಸಂಧಾನದ ಕೃಷ್ಣ ಒಬ್ಬ, ಗೀತೋಪದೇಶದಿಂದ ಮುಂದಕ್ಕೆ ಇನ್ನೊಬ್ಬ. ಮೂವರಿಗೂ ಒಂದೇ ಬಣ್ಣದ ಪೀತಾಂಬರ, ಒಂದೇ ಬಗೆಯ ಕಿರೀಟ ಇರಲಿ. ಭರಣಿ ಮಳೆಯ ಕಾಲವಾದ್ದರಿಂದ ಸಂಜೆಯ ಗಾಳಿಗೆ ಪರದೆ ಕಿತ್ತುಹೋಗದಂತೆ ಕಟ್ಟಿಸುವುದನ್ನೂ, ಮಳೆ ಬಂದರೆ ಆಡಲು ಇನ್ನೊಂದು ದಿನವನ್ನು ಎಲ್ಲರ ಒಪ್ಪಿಗೆಯಿಂದ ಕಾದಿರಿಸುವುದನ್ನೂ ಮರೆಯಬೇಡಿ. ಪೊಲೀಸ್ ಠಾಣೆಗೆ ಕೊಡುವ ಅರ್ಜಿಯಲ್ಲಿ ಮುಗಿಯುವ ಸಮಯವನ್ನು ಸ್ಪಷ್ಟವಾಗಿ ಬರೆಯಿರಿ.

ಉತ್ತರ: ಕನ್ನಡ ಉಪನ್ಯಾಸಕ, ಮಂಡ್ಯ

ಹೊತ್ತು ಮೀರಿತೆಂದು ಗದಾಯುದ್ಧವನ್ನು ಅವಸರದಲ್ಲಿ ಮುಗಿಸುವ ಊರುಗಳಿವೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಕುಮಾರವ್ಯಾಸ ಹದಿನೆಂಟು ಪರ್ವಗಳ ಭಾರತದಲ್ಲಿ ಗದಾಪರ್ವದವರೆಗಿನ ಹತ್ತನ್ನು ಮಾತ್ರ ಹಾಡಿದ. ಅವನಿಗೂ ಮೊದಲು ರನ್ನ ಆ ಒಂದು ಯುದ್ಧವನ್ನೇ ಕಾವ್ಯ ಮಾಡಿ, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ, ಅಂದರೆ ಸಿಂಹ ನಡೆಯುತ್ತಾ ಹಿಂದಿರುಗಿ ನೋಡುವಂತೆ, ಪಾತ್ರಗಳ ಬಾಯಿಂದ ನೆನಪಿಸಿದ. ಕಿರಿದು ಮಾಡುವ ಉಪಾಯವನ್ನು ಹತ್ತನೆಯ ಶತಮಾನದ ಕವಿಯೇ ನಮಗೆ ತೋರಿಸಿಕೊಟ್ಟಿದ್ದಾನೆ. ನೀವೂ ದ್ರೋಣ ಮತ್ತು ಸೈಂಧವರ ದೃಶ್ಯಗಳನ್ನು ಬಿಟ್ಟು, ಅವುಗಳ ಸಾರವನ್ನು ಸರೋವರಕ್ಕೆ ಹೋಗುವ ದಾರಿಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಬಾಯಲ್ಲಿ ಒಂದೊಂದು ಪದ್ಯವಾಗಿ ಇಡಬಹುದು. ಕೌರವನಿಗೂ ಹಾಡಲು ಒಳ್ಳೆಯ ಅವಕಾಶವಾಗುತ್ತದೆ.

ಕೃತಿಸ್ವಾಮ್ಯದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಲೇಖಕರು ತೀರಿಕೊಂಡ ಮೇಲೂ ಅವರ ಕೃತಿಗೆ 60 ವರ್ಷ ರಕ್ಷಣೆಯಿದೆ. ಆದರೆ ಹವ್ಯಾಸಿ ಸಂಘವೊಂದು ಹಣ ತೆಗೆದುಕೊಳ್ಳದೆ ಪ್ರೇಕ್ಷಕರಿಗೆ ತೋರಿಸುವ ಪ್ರದರ್ಶನ ಉಲ್ಲಂಘನೆಯಾಗುವುದಿಲ್ಲವೆಂದು 1957ರ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಟಿಕೆಟ್ ಇಡುವುದಾದರೆ ಅನುಮತಿ ಕೇಳಬೇಕಾಗುತ್ತದೆ. ಕಾನೂನು ಹೇಗಿದ್ದರೂ, ಎಲ್ಲ ಪಾತ್ರಧಾರಿಗಳ ಭಾವಚಿತ್ರ ಅಚ್ಚು ಹಾಕಿಸುವ ಕರಪತ್ರದಲ್ಲಿ ಪದ್ಯಗಳನ್ನು ಬರೆದ ಕವಿಯ ಹೆಸರಿಗೆ ಒಂದು ಸಾಲು ಮೀಸಲಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನು ದೇವಸ್ಥಾನದ ಜಗಲಿಯಲ್ಲಿ ಓದಿ ಹೇಳಿದೆ. ಹಾರಗಳನ್ನು ಮೊದಲೇ ಮುಗಿಸುವುದಕ್ಕೂ, ಕುಂತಿಯ ದೃಶ್ಯವನ್ನು ಪೂರ್ತಿ ಉಳಿಸುವುದಕ್ಕೂ, ಅಕ್ಕನವರು ಹೇಳಿದ ವಾಹನ ಮತ್ತು ಕೋಣೆಯ ಏರ್ಪಾಡಿಗೂ ಎಲ್ಲರೂ ಒಪ್ಪಿದ್ದಾರೆ. ಉಳಿದಿರುವ ತೊಡಕು ಒಂದೇ. ಉಪನ್ಯಾಸಕರ ಮಾತು ಕೇಳಿದ ಮೇಲೆ ಇಬ್ಬರು ದುರ್ಯೋಧನರೂ ಗದಾಯುದ್ಧ ತನಗೇ ಬೇಕೆಂದು ಕುಳಿತಿದ್ದಾರೆ. ದರ್ಬಾರನ್ನು ಯಾರಿಗೆ, ಸರೋವರವನ್ನು ಯಾರಿಗೆ ಕೊಡಬೇಕು ಮೇಷ್ಟ್ರೇ?

ಉತ್ತರ: ಹಾರ್ಮೋನಿಯಂ ಮೇಷ್ಟ್ರು, ತುಮಕೂರು ಜಿಲ್ಲೆ

ಈಗಲೇ ತೀರ್ಮಾನ ಮಾಡಬೇಡಿ. ಇಬ್ಬರಿಗೂ ಎರಡೂ ಭಾಗಗಳನ್ನು ಕಲಿಸಿರಿ. ದರ್ಬಾರಿಗೆ ಬೇಕಾದದ್ದು ತುಂಬಿದ ಕಂಠ ಮತ್ತು ಠೀವಿ. ಗದಾಯುದ್ಧಕ್ಕೆ ಬೇಕಾದದ್ದು ಗದೆ ತಿರುಗಿಸಿ ಏದುಸಿರು ಬರುತ್ತಿರುವಾಗಲೂ ಶ್ರುತಿ ಬಿಡದೆ ಪದ್ಯವನ್ನು ಕೊನೆಯವರೆಗೆ ಒಯ್ಯುವ ಉಸಿರು. ಯುಗಾದಿಯ ಹೊತ್ತಿಗೆ ಊರಿನ ಹಿರಿಯರ ಎದುರು ಇಬ್ಬರನ್ನೂ ವೇಷವಿಲ್ಲದೆ, ಮೈಕಿಲ್ಲದೆ, ಗದೆ ಹಿಡಿಸಿ ಹಾಡಿಸಿರಿ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಅವರೇ ಒಬ್ಬರನ್ನೊಬ್ಬರು ಕೇಳಿ ಒಪ್ಪಿಕೊಳ್ಳುತ್ತಾರೆ. ಇಬ್ಬರೂ ಕಟ್ಟುವ ಹಣ ಮಾತ್ರ ಸಮನಾಗಿರಲಿ.