ಹಿತ್ತಲಲ್ಲಿ ಗ್ರಿಲ್ ಕೂರಿಸಿದ ಅಡುಗೆ ಕಟ್ಟೆ: ಕಟ್ಟೆ ಮೊದಲೋ, ಗ್ರಿಲ್ ಮೊದಲೋ?

ಹಿತ್ತಲಕಟ್ಟೆ:
10 ಅಡಿ ಉದ್ದ, 30 ಇಂಚು ಅಗಲದ ಕಟ್ಟೆ. ಎಡಕ್ಕೆ ಸಿಲಿಂಡರ್ ಗೂಡು, ನಡುವೆ 4 ಬರ್ನರ್‌ನ ಬಿಲ್ಟ್-ಇನ್ ಗ್ಯಾಸ್ ಗ್ರಿಲ್, ಆಮೇಲೆ ಸಿಂಕ್, ಬಲತುದಿಗೆ ಇದ್ದಿಲಿನ ಒಲೆ. ಗೋಡೆಗೆ 6 ಇಂಚಿನ ಕಾಂಕ್ರೀಟ್ ಬ್ಲಾಕ್, ಮೇಲೆ 20 ಮಿ.ಮೀ. ಗ್ರಾನೈಟ್. ಮೊದಲು ಕಟ್ಟೆ ಮುಗಿಸೋಣ, ಗ್ರಿಲ್ ಆಮೇಲೆ ತಂದು ಇಳಿಸಿದರಾಯ್ತು ಅನ್ನೋದು ಮೇಸ್ತ್ರಿ ಮಾತು. ಸರಿನಾ? ಇಲಿ ನುಗ್ಗದ ಹಾಗೆ ಸಿಲಿಂಡರ್ ಗೂಡನ್ನು ಪೂರ್ತಿ ಮುಚ್ಚಬಹುದೇ?

ರಸಮಟ್ಟ:
ಗ್ರಿಲ್ ಮೊದಲು, ಗಾರೆ ಕೆಲಸ ಆಮೇಲೆ. "4 ಬರ್ನರ್" ಅನ್ನೋದು ಅಳತೆಯೇ ಅಲ್ಲ, ಕಂಪನಿಗೊಂದು ಕಟ್‌ಔಟ್ (ಗ್ರಿಲ್ ಕೂರೋಕೆ ಬಿಡಬೇಕಾದ ಗೂಡಿನ ಅಳತೆ) ಇರುತ್ತೆ. ಕೈಪಿಡಿಯಲ್ಲಿ ಅಗಲ, ಆಳ, ಎತ್ತರ ಮೂರೂ ಕೊಟ್ಟಿರ್ತಾರೆ. ಗ್ರಿಲ್ ಮುಖದ ಅಗಲ ಹಿಡಿದು ಗೂಡು ಬಿಟ್ಟರೆ ಅಂಚು ಕೂರೋಕೆ ಜಾಗವೇ ಇರಲ್ಲ, ಗ್ರಿಲ್ ಒಳಗೆ ಜಾರುತ್ತೆ. ಇನ್ನೊಂದು ಮಾಮೂಲಿ ತಪ್ಪು ಪ್ಲಾಸ್ಟರಿಂಗ್ ಮರೆಯೋದು. ಎರಡೂ ಬದಿಗೆ 12 ಮಿ.ಮೀ. ಬಳಿದರೆ ಗೂಡು ಸುಮಾರು ಒಂದು ಇಂಚು ಕಿರಿದಾಯ್ತು. ಗೂಡಿನ ಒಳಮೈ ಹಾಗೇ ಬಿಡಿ, ಯಾರಿಗೂ ಕಾಣಲ್ಲ.

ಉದ್ದದ ಲೆಕ್ಕ ಮಾಡಿದ್ದೀರಾ? ನಾಲ್ಕು ಗೂಡು ಅಂದರೆ ಐದು ಗೋಡೆ, 6 ಇಂಚಿನಂತೆ ಅದೇ 30 ಇಂಚು. ಸಿಲಿಂಡರ್‌ಗೆ 18, ಗ್ರಿಲ್‌ಗೆ 32, ಸಿಂಕ್‌ಗೆ 20, ಇದ್ದಿಲಿಗೆ 24. ಒಟ್ಟು 124 ಇಂಚು, ನಿಮ್ಮ ಹತ್ತಿರ ಇರೋದು 120. ಅದೂ ಗ್ರಿಲ್ ಬಲಕ್ಕೆ ಬಿಸಿ ತಟ್ಟೆ ಇಳಿಸೋಕೆ ಜಾಗ ಇಲ್ಲದೆ. ಸಿಂಕ್ ಬಿಡಿ, ಇಲ್ಲಾ ಎಲ್ ಆಕಾರಕ್ಕೆ ತಿರುಗಿಸಿ.

ತಳಕ್ಕೆ 4 ಇಂಚು ಜಲ್ಲಿ ಹಾಕಿ ದಮ್ಮಸ್ ಮಾಡಿ, ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ 4 ಇಂಚು. 8 ಮಿ.ಮೀ. ಕಂಬಿ ಎರಡೂ ದಿಕ್ಕಿಗೆ 8 ಇಂಚಿಗೊಂದು. ನೀರು, ಚರಂಡಿ, ಕರೆಂಟಿನ ಪೈಪು ಕಾಂಕ್ರೀಟಿಗೆ ಮುಂಚೆಯೇ ಮಲಗಿಸಿ. ನೀರು ನಿಲ್ಲದ ಹಾಗೆ ತಳಕ್ಕೆ ಸ್ವಲ್ಪ ವಾಟ ಕೊಡಿ, ಮೊದಲ ವರಸೆಯ ಗಾರೆಯಲ್ಲೇ ಮಟ್ಟಕ್ಕೆ ತನ್ನಿ. 8 ಇಂಚು ಎತ್ತರದ ಬ್ಲಾಕ್ 4 ವರಸೆ, ಕಲ್ಲು, ಗಾರೆ ಸೇರಿ 33 ಇಂಚಿನ ಹತ್ತಿರ ಬರುತ್ತೆ. ತಳವನ್ನು ನೆಲದಿಂದ 2 ಇಂಚು ಎತ್ತಿದರೆ ನಿಂತು ಮಾಡೋಕೆ ಸರಿಯಾಯ್ತು.

ನೀಲಿಜ್ವಾಲೆ:
ಸಿಲಿಂಡರ್ ಗೂಡನ್ನು ಮುಚ್ಚಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಹಾರಿಹೋಗಲ್ಲ, ತಳದಲ್ಲಿ ನೀರಿನ ಹಾಗೆ ನಿಂತು ಕಿಡಿಗೆ ಕಾಯುತ್ತೆ. ಎಡಗೋಡೆಯಲ್ಲೊಂದು, ಹಿಂಗೋಡೆಯಲ್ಲೊಂದು ಅರ್ಧ ಬ್ಲಾಕ್ ಬಿಟ್ಟು ಹೊರಕ್ಕೆ ತೆರೆಯುವ 8×8 ಇಂಚಿನ ಕಿಂಡಿ ಮಾಡಿ. ಕಿಂಡಿಯ ತಳ ಗೂಡಿನ ನೆಲಕ್ಕೆ ಸಮ ಇರಲಿ, 3 ಇಂಚು ಮೇಲಿಟ್ಟರೆ ಆ 3 ಇಂಚು ಗ್ಯಾಸ್ ತೊಟ್ಟಿ ಆಯ್ತು. ಮೇಲೂ ಒಂದು ಕಿಂಡಿ ಬೇಕು. ಇಲಿಗೆ ಸ್ಟೀಲ್ ಜಾಲರಿ ಸಾಕು. ಪೈಪ್ ಗ್ಯಾಸ್ ಆಗಿದ್ದರೆ ಅದು ಗಾಳಿಗಿಂತ ಹಗುರ, ಆಗ ಮೇಲಿನ ಕಿಂಡಿಯೇ ಮುಖ್ಯ.

ಸಿಲಿಂಡರ್ ಗೂಡಿಗೂ ಗ್ರಿಲ್ ಗೂಡಿಗೂ ನಡುವೆ ಪೂರ್ತಿ ಗೋಡೆ ಇರಲಿ, ಟ್ಯೂಬ್ ಹಾಯೋಕೆ ಮಾತ್ರ ಒಂದು ತೂತು. ಬ್ಲಾಕಿನ ಅಂಚು ಟ್ಯೂಬನ್ನು ತಿನ್ನುತ್ತೆ, ತೂತಿಗೆ ಲೋಹದ ಪೈಪಿನ ತುಂಡು ತೂರಿಸಿ. ಗ್ರಿಲ್ ಗೂಡಿಗೂ ಪ್ರತ್ಯೇಕ ಕಿಂಡಿ ಬೇಕು.

ಗ್ರಿಲ್‌ನ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಮೂತಿ) ನಿಮ್ಮ ಗ್ಯಾಸಿನದೇ ತಾನೇ ನೋಡಿಕೊಳ್ಳಿ. ಪೈಪ್ ಗ್ಯಾಸಿನ ಜೆಟ್‌ಗೆ ತೂತು ದೊಡ್ಡದು, ಅದಕ್ಕೆ ಎಲ್‌ಪಿಜಿ ಕೊಟ್ಟರೆ ಹಳದಿ ಜ್ವಾಲೆ ಎದ್ದು ಮಸಿ ಹಿಡಿಯುತ್ತೆ. ಜೋಡಿಸಿದ ಮೇಲೆ ಬರ್ನರ್ ಆಫ್, ಸಿಲಿಂಡರ್ ಆನ್ ಮಾಡಿ ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ನೋಡಿ. ಕಡ್ಡಿ ಗೀರಿ ನೋಡುವ ಜನ ಈಗಲೂ ಇದ್ದಾರೆ!

ಕಟ್ಟೆಯ ದಿಕ್ಕು ಗುರುತು ಹಾಕುವಾಗಲೇ ಗಾಳಿ ನೋಡಿ. ಹೆಚ್ಚಾಗಿ ಬೀಸುವ ಗಾಳಿ ಗ್ರಿಲ್ ಬೆನ್ನಿಗೆ ಹೊಡೆದರೆ ಹಿಂದಿನಿಂದ ಹೋಗಬೇಕಾದ ಬಿಸಿ ಮುಂದಕ್ಕೆ ತಿರುಗಿ ನಾಬ್ ಸುಡುತ್ತೆ.

ಹಿತ್ತಲಕಟ್ಟೆ:
ಸಿಂಕ್ ಕೈಬಿಟ್ಟೆ. ಗ್ರಾನೈಟ್ ಒಂದೇ ಹಲಗೆ ಹಾಸಿ ನಡುವೆ ಕತ್ತರಿಸಬಹುದಾ? ಇದ್ದಿಲಿನ ಒಲೆಯನ್ನೂ ಅದೇ ಬ್ಲಾಕಿನಲ್ಲಿ ಕಟ್ಟಬಹುದಾ?

ಕೆಂಡ:
ಎರಡಕ್ಕೂ ಬೇಡ ಅಂತೀನಿ. ಗ್ರಿಲ್ ಹಿಂದೆ ಉಳಿಯೋದು 3–4 ಇಂಚಿನ ಪಟ್ಟಿ. ಒಂದೇ ಹಲಗೆ ಆದರೆ ಕತ್ತರಿಸಿದ ಒಳಮೂಲೆಯಿಂದಲೇ ಬಿರುಕು ಶುರು, ಎಷ್ಟೋ ಸಲ ಎತ್ತಿಡುವಾಗಲೇ. ಎಡ, ಬಲ, ಹಿಂಬದಿ ಅಂತ ಮೂರು ತುಂಡು ಮಾಡಿ. ಹಿಂಬದಿ ಪಟ್ಟಿಯ ಕೆಳಗೆ 50×50×6 ಮಿ.ಮೀ. ಆಂಗಲ್ (ಎಲ್ ಆಕಾರದ ಲೋಹದ ಪಟ್ಟಿ) ಎರಡೂ ಗೋಡೆಗೆ 4 ಇಂಚು ಕೂರಲಿ. ಗ್ರಿಲ್‌ಗೂ ಕಲ್ಲಿಗೂ ನಡುವೆ ಕೈಪಿಡಿ ಹೇಳಿದಷ್ಟು ಸಂದು ಬಿಡಿ. ಸುಮಾರು 80 ಸೆಂ.ಮೀ. ಅಗಲದ ಸ್ಟೇನ್‌ಲೆಸ್ ಸ್ಟೀಲ್ 200 ಡಿಗ್ರಿ ಕಾವೇರಿದರೆ ಎರಡೂವರೆ ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತೆ. ಸಂದು ಚೆನ್ನಾಗಿ ಕಾಣಲ್ಲ ಅಂತ ಸಿಮೆಂಟ್ ತುಂಬಿದರೆ ಆ ಹಿಗ್ಗು ಕಲ್ಲನ್ನೇ ತಳ್ಳುತ್ತೆ.

ಇದ್ದಿಲಿನ ವಿಷಯ ಬೇರೆ. 400 ಡಿಗ್ರಿ ದಾಟಿದರೆ ಸಿಮೆಂಟಿನೊಳಗಿನ ಸುಣ್ಣ ಒಡೆಯೋಕೆ ಶುರುವಾಗುತ್ತೆ, ಗಾರೆ ಪುಡಿಯಾಗುತ್ತೆ. ಒಳಗೋಡೆಗೆ 230×115×75 ಮಿ.ಮೀ. ಫೈರ್ ಬ್ರಿಕ್ (ಕಾವು ತಡೆಯುವ ಇಟ್ಟಿಗೆ), ಫೈರ್ ಕ್ಲೇ (ಕಾವು ತಡೆಯುವ ಜೇಡಿ) ಗಾರೆ, ಸಂದು 2–3 ಮಿ.ಮೀ. ಮಾತ್ರ. ದಪ್ಪ ಬಳಿದರೆ ಸಂದೇ ಮೊದಲು ಉದುರೋದು. ಫೈರ್ ಬ್ರಿಕ್‌ಗೂ ಹೊರಗಿನ ಬ್ಲಾಕಿಗೂ ನಡುವೆ 25 ಮಿ.ಮೀ. ಸೆರಾಮಿಕ್ ಫೈಬರ್ ಹೊದಿಕೆ ಇಡಿ. ಅದನ್ನು ಕತ್ತರಿಸುವಾಗ ಮಾಸ್ಕ್, ಕೈಗವಸು ಬೇಕೇ ಬೇಕು. ಇದ್ದಿಲಿನ ಜಾಲರಿ ಕೆಳಗೆ ಗಾಳಿಕಿಂಡಿ, ಎಳೆಯುವ ಬೂದಿ ಟ್ರೇ. ಕೆಂಡದಿಂದ 4, 6, 8 ಇಂಚು ಮೇಲೆ ಮೂರು ಹಂತದಲ್ಲಿ ಆಂಗಲ್ ಕೂರಿಸಿದರೆ ಜಾಲರಿ ಏರಿಸಿ ಇಳಿಸಿ ಕಾವು ಹಿಡಿತಕ್ಕೆ ಬರುತ್ತೆ.

ಬ್ಲಾಕ್ ಗೋಡೆಗೆ 7 ದಿನ ನೀರು ಹಾಕಿ, 28 ದಿನ ತುಂಬುವವರೆಗೆ ಬೆಂಕಿ ಬೇಡ. ಮೊದಲ ಮೂರು ನಾಲ್ಕು ಸಲ ಅರ್ಧ ಗಂಟೆಯ ಸಣ್ಣ ಬೆಂಕಿ ಅಷ್ಟೇ. ಒಳಗಿನ ತೇವ ಒಮ್ಮೆಲೇ ಆವಿಯಾದರೆ ಇಟ್ಟಿಗೆಯ ಮುಖ ಸಿಡಿಯುತ್ತೆ.

ರಸಮಟ್ಟ:
ಕೆಂಡ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫೈರ್ ಕ್ಲೇ ಗಾರೆಗೆ ಕಟ್ಟಿದ ಮೇಲೆ ನೀರು ಹಾಕಬಾರದು, ಅದು ಒಣಗಬೇಕು. ಆದ್ದರಿಂದ ಬ್ಲಾಕ್ ಕ್ಯೂರಿಂಗ್ (ಆ 7 ದಿನ ನೀರು ಹಾಕೋದು) ಮುಗಿದ ಮೇಲೆಯೇ ಫೈರ್ ಬ್ರಿಕ್ ಕೆಲಸ ಹಿಡಿಯಿರಿ. ಕಲ್ಲು ಕತ್ತರಿಸೋಕೆ ಅಳತೆ ಕೊಡುವ ಮುಂಚೆ ಗ್ರಿಲ್ಲನ್ನು ಒಮ್ಮೆ ಗೂಡಿಗೆ ಇಳಿಸಿ, ಮುಚ್ಚಳ ಪೂರ್ತಿ ಎತ್ತಿ ನೋಡಿ. ಹಿಂದೆ ಗೋಡೆ ಇದ್ದರೆ ಮುಚ್ಚಳ ತಾಗೋದು ಗೊತ್ತಾಗೋದು ಆಗಲೇ.