‘90 ಪರ್ಸೆಂಟ್ ಬ್ಲಾಕ್ ಐತಿ, ಈಗಿಂದೀಗ ಸ್ಟೆಂಟ್ ಹಾಕಿಸ್ಬೇಕೇನ್ರೀ?’

ಪ್ರಶ್ನೆ (ಬೆಟಗೇರಿ, ಗದಗ): ನಮಸ್ಕಾರ್ರೀ ಡಾಕ್ಟ್ರ. ನಮ್ಮಪ್ಪಗ 63 ವರ್ಷ, ಕೈಮಗ್ಗದ ಕೆಲಸ, ಶುಗರ್ ಇಲ್ಲ. ಆರು ತಿಂಗಳಾತು, ಮಾಳಿಗಿ ಮೆಟ್ಟಲಾ ಹತ್ತುವಾಗ ಎದಿ ಬಿಗೀತೈತಿ, ನಿಂತ್ರ ಐದು ನಿಮಿಷದಾಗ ಹೋಗ್ತೈತಿ. ಹುಬ್ಬಳ್ಳಿಗೆ ಬಂದು ಆಂಜಿಯೋಗ್ರಾಂ ಮಾಡ್ಸಿದ್ವಿ. ಬಲಗಡೆ ನಾಳದಾಗ 90, ಎಡಗಡೆ ಒಂದರಾಗ 50 ಅಂದ್ರು. ಅಪ್ಪ ಇನ್ನೂ ಒಳಗ ಟೇಬಲ್ ಮ್ಯಾಲ ಮಲಗಿದ್ದ, ಹೊರಗ ಬಂದು ‘ಈಗ ಹಾಕಿಬಿಡೂಣು, ಸಹಿ ಮಾಡ್ರಿ’ ಅಂದ್ರು. ಅವ್ವ ಅಳಾಕ ಹತ್ತಿದ್ಲು. ‘ಮನ್ಯಾಗ ಕೇಳಿ ಹೇಳ್ತೀವಿ’ ಅಂತ ಬಂದ್ಬಿಟ್ವಿ. ತಪ್ಪು ಮಾಡಿದ್ವೇನ್ರೀ?

ಉತ್ತರ (ಹೃದ್ರೋಗ ತಜ್ಞ, ಹುಬ್ಬಳ್ಳಿ): ತಪ್ಪಾಗಿಲ್ಲ. ನೀವು ಬರೆದದ್ದರಲ್ಲಿ 90ಕ್ಕಿಂತ ದೊಡ್ಡ ಮಾತು ‘ನಿಂತ್ರ ಐದು ನಿಮಿಷದಾಗ ಹೋಗ್ತೈತಿ’ ಅನ್ನೋದು. ಆರು ತಿಂಗಳಿಂದ ಅಷ್ಟೇ ದುಡಿತಕ್ಕೆ ಅಷ್ಟೇ ನೋವು ಬರ್ತಾ ಇದ್ದರೆ ಅದು ಸ್ಥಿರವಾದ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರೋ ಎದೆನೋವು. ಯೋಚನೆ ಮಾಡೋಕೆ ಸಮಯ ಇರುತ್ತೆ.

ಜನ ನಾಳವನ್ನು ಕಸ ಕಟ್ಟಿದ ನಳದ ಪೈಪಿನ ಹಾಗೆ ತಿಳ್ಕೊಂಡಿರ್ತಾರೆ. ಇವತ್ತು 90, ನಾಳೆ 100, ಅಲ್ಲಿಗೆ ಮುಗೀತು ಅಂತ. ಹಾರ್ಟ್ ಅಟ್ಯಾಕ್ ಹೆಚ್ಚಾಗಿ ಹಂಗೆ ಆಗೋದಿಲ್ಲ. ಒಳಗೋಡೆಯ ಕೊಬ್ಬಿನ ಗಂಟು ಕುರು ಒಡೆದಂಗೆ ಒಡೀತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತೆ. 90ರದೇ ಒಡೀಬೇಕಂತಿಲ್ಲ, 50ರದೂ ಒಡೀಬಹುದು. ಸ್ಟೆಂಟ್ ಅಂದರೆ ನಾಳದೊಳಗೆ ಕೂರಿಸೋ ಲೋಹದ ಜಾಳಿಗೆ ಕೊಳವೆ, ಅದು ಕಾಯೋದು ಒಂದು ಜಾಗವನ್ನ. ಕೊಬ್ಬು ಇಳಿಸೋ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಆಸ್ಪಿರಿನ್ ಗುಳಿಗಿ ಎಲ್ಲಾ ನಾಳಕ್ಕೂ ಹೋಗ್ತವೆ.

2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಇಂಥ ಸ್ಥಿರ ರೋಗಿಗಳು 5 ಸಾವಿರಕ್ಕಿಂತ ಹೆಚ್ಚಿದ್ದರು, ನಮ್ಮ ದೇಶದವರೂ ಸೇರಿ. ಗುಳಿಗಿಯ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸ್ಕೊಂಡವರಿಗೂ, ಗುಳಿಗಿಯಿಂದ ಶುರು ಮಾಡಿ ಬೇಕಾದಾಗ ಮಾತ್ರ ಮಾಡಿಸ್ಕೊಂಡವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಮೊದಲನೇ ಗುಂಪಿಗೆ ಚೆನ್ನಾಗಿ ಕಡಿಮೆ ಆಯ್ತು, ಅದರಲ್ಲೂ ಪದೇ ಪದೇ ನೋವು ಬರ್ತಿದ್ದವರಿಗೆ. ಆದರೆ ಎಡ ಮುಖ್ಯ ನಾಳದಲ್ಲಿ, ಅಂದರೆ ಲೆಫ್ಟ್ ಮೇನ್‌ನಲ್ಲಿ, ದೊಡ್ಡ ಬ್ಲಾಕ್ ಇದ್ದವರನ್ನ, ಹೃದಯದ ಪಂಪಿಂಗ್ ಬಹಳ ಕುಗ್ಗಿದವರನ್ನ ಅದರಲ್ಲಿ ಸೇರಿಸಿರಲಿಲ್ಲ. ಅದಕ್ಕೇ ಆಂಜಿಯೋಗ್ರಾಂ ಸಿ.ಡಿ. ಇಸ್ಕೊಂಡು ಇನ್ನೊಬ್ಬರಿಗೆ ತೋರಿಸ್ರಿ. ಅದನ್ನ ನೋಡದೆ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಬರೆದುಕೊಟ್ಟ ಗುಳಿಗಿ ಇವತ್ತಿಂದಲೇ ಶುರು ಆಗ್ಲಿ. ನಡುವೆ ಕೂತಲ್ಲೇ ನೋವು ಬಂದ್ರೆ, ಮೊದಲಿಗಿಂತ ಕಡಿಮೆ ದುಡಿತಕ್ಕೇ ಬಂದ್ರೆ, ನಿಂತ್ರೂ ಹೋಗದಿದ್ರೆ, ಆಗ ಮನ್ಯಾಗ ಕೇಳೋದೇನೂ ಉಳಿದಿಲ್ಲ. ನೇರ ದವಾಖಾನಿಗೆ.

ಪ್ರಶ್ನೆ (ರಾಣೆಬೆನ್ನೂರು): ಅಂದ್ರ ಈ ಸ್ಟೆಂಟ್ ಅನ್ನೋದು ಬರೇ ದಂಧೆ ಅಂದಂಗಾತು.

ಉತ್ತರ: ಹಂಗಲ್ಲ ರೀ. ಈ ಮಾತು ಓದಿ ಯಾರಾದರೂ ಅಟ್ಯಾಕ್ ಆದಾಗ ಮನೆಯಲ್ಲಿ ಕೂತರೆ ಪಾಪ ನನಗೆ ಸುತ್ಕೊಳ್ಳುತ್ತೆ. ದೊಡ್ಡ ಅಟ್ಯಾಕಿನಲ್ಲಿ ನಾಳ ಪೂರ್ತಿ ಮುಚ್ಚಿರುತ್ತೆ, ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯ್ತಿರುತ್ತೆ. ಅಲ್ಲಿ ಬಲೂನ್, ಸ್ಟೆಂಟ್ ಜೀವ ಉಳಿಸ್ತವೆ. ದವಾಖಾನೆಯ ಬಾಗಿಲು ದಾಟಿದ 90 ನಿಮಿಷದೊಳಗೆ ನಾಳ ತೆರೀಬೇಕು ಅಂತ ನಾವು ಗಡಿಯಾರ ನೋಡ್ತಾ ಕೆಲಸ ಮಾಡ್ತೀವಿ.

ನಿಮ್ಮ ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಬಲೂನ್, ಸ್ಟೆಂಟ್ ಹಾಕೋ ಕ್ಯಾತ್‌ಲ್ಯಾಬಿಗೆ ಎರಡು ತಾಸಿನೊಳಗೆ ಮುಟ್ಟೋದು ಆಗದಿದ್ರೆ, ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ ಹೆಪ್ಪು ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ತಗೊಳ್ಳೋದು ಲೇಸು. ಆಮೇಲೆ ಹುಬ್ಬಳ್ಳಿಗೋ ದಾವಣಗೆರೆಗೋ ಹೊರಡ್ರಿ, ಆಂಜಿಯೋಗ್ರಾಂ 24 ತಾಸಿನೊಳಗೆ ಆಗ್ಲಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದದ್ದೇ ಇದಕ್ಕೆ. ಯಂತ್ರದ ಕೊರತೆಗಿಂತ ಗ್ಯಾಸ್ ಅಂತ ಸೋಡಾ ಕುಡಿದು ಮುಂಜಾನೆವರೆಗೆ ಕಾಯೋದೇ ನಮ್ಮ ಕಡೆ ಹೆಚ್ಚು ಜೀವ ತಗೀತದೆ ಅಂತ ನನ್ನ ಅನಿಸಿಕೆ.

ಪ್ರಶ್ನೆ (ನಿವೃತ್ತ ಮಾಸ್ತರು, ಧಾರವಾಡ): ಕುತೂಹಲಕ್ಕ ಕೇಳ್ತೇನಿ. ಕೈಯಾಗಿನ ನಾಳದಿಂದ ಎದಿತನಕ ಹೋಗಿ ಒಳಗ ಏನು ಮಾಡ್ತೀರಿ? ಎಚ್ಚರ ಇರ್ತದೇನು?

ಉತ್ತರ: ಎಚ್ಚರ ಇರ್ತದೆ ಸರ್, ನಮ್ಮ ಜೊತೆ ಮಾತೂ ಆಡಬಹುದು. ಮಣಿಕಟ್ಟಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸುಮಾರು 2 ಮಿ.ಮೀ. ದಪ್ಪದ ಕೊಳವೆಯನ್ನ ಹೃದಯದ ನಾಳದ ಬಾಯಿತನಕ ಒಯ್ತೀವಿ. ಅದರೊಳಗಿಂದ ಒಂದು ತಂತಿ. ದಪ್ಪ ಬರೀ 0.36 ಮಿ.ಮೀ. ತುದಿಯನ್ನ ಬೆರಳಲ್ಲಿ ಸ್ವಲ್ಪ ಬಾಗಿಸಿ, ಎಕ್ಸ್‌ರೇ ಪರದೆ ನೋಡ್ತಾ ತಿರುವಿ ತಿರುವಿ ಬ್ಲಾಕ್ ದಾಟಿಸಬೇಕು. ಕಸುಬೆಲ್ಲ ಇಲ್ಲೇ. ತಂತಿ ದಾಟಿತು ಅಂದ್ರೆ ಅರ್ಧ ಕೆಲಸ ಆದಂಗೆ. ಅದರ ಮೇಲೆ ಬಲೂನ್ ಜಾರಿಸಿ ಹಿಗ್ಗಿಸ್ತೀವಿ, ಒತ್ತಡ 12 ಅಟ್ಮಾಸ್ಫಿಯರ್ ಆಸುಪಾಸು. ನಿಮ್ಮ ಕಾರಿನ ಟೈರಿನ ಐದು ಪಟ್ಟು! ಬಲೂನ್ ಉಬ್ಬಿದ ಆ ಕೆಲವು ಸೆಕೆಂಡು ರಕ್ತ ನಿಲ್ಲುತ್ತಲ್ಲ, ರೋಗಿಗೆ ತನ್ನ ಹಳೇ ನೋವೇ ಮರಳಿ ಬಂದಂಗೆ ಅನಿಸಬಹುದು. ‘ಅದೇ ನೋವು ರೀ, ಅದೇ!’ ಅಂತಾರೆ. ಕೊನೆಗೆ ಇನ್ನೊಂದು ಬಲೂನಿನ ಮೇಲೆ ಕೂತ ಸ್ಟೆಂಟ್ ಅರಳಿಸಿ ಬಲೂನ್ ಹೊರಗೆ ತಗೀತೀವಿ. ಸುಣ್ಣ ಕಟ್ಟಿ ಕಲ್ಲಾದ ಬ್ಲಾಕ್ ಇದ್ರೆ ಬಲೂನಿಗೆ ಜಗ್ಗೋದಿಲ್ಲ, ವಜ್ರದ ಪುಡಿ ಕೂಡಿಸಿದ, ಗರಗರ ತಿರುಗೋ ಸಣ್ಣ ಅರದಂಥ ಬರ್‌ನಿಂದ ಮೊದಲು ತೇಯಬೇಕಾಗ್ತದೆ.

ಮೊಟ್ಟಮೊದಲು ಇದನ್ನ ಮಾಡಿದವರು ಆಂಡ್ರಿಯಾಸ್ ಗ್ರುಯೆನ್‌ಟ್ಸಿಗ್, 1977ರ ಸೆಪ್ಟೆಂಬರ್‌ನಲ್ಲಿ, ಜ್ಯೂರಿಕ್‌ನಲ್ಲಿ. ಆಗ ಬರೇ ಬಲೂನ್. ತೆರೆದ ನಾಳ ಎಷ್ಟೋ ಜನರಿಗೆ ಆರು ತಿಂಗಳೊಳಗೆ ಮತ್ತೆ ಕಿರಿದಾಗ್ತಿತ್ತು. 1986ರಲ್ಲಿ ಸ್ಟೆಂಟ್ ಬಂತು, 2002ರ ಹೊತ್ತಿಗೆ ಔಷಧಿ ಲೇಪಿಸಿದ ಸ್ಟೆಂಟ್ ಮಾರುಕಟ್ಟೆಗೆ ಬಂತು. ಮೊದಲು ಲೇಪಿಸಿದ ಔಷಧಿ ಸಿರೋಲಿಮಸ್ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕಿದ್ದು. ಮಾಸ್ತರಿಗೆ ಇದು ಹಿಡಿಸಬಹುದು ಅಂತ ಹೇಳಿದೆ.

ಪ್ರಶ್ನೆ (ಹಾವೇರಿ): ನಮ್ಮ ಮಾವನವರಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ಎರಡು ತಿಂಗಳಾತ್ರಿ. ಹಲ್ಲು ಕೀಳಿಸಬೇಕು. ಒಂದು ಕಡೆ ‘ರಕ್ತ ತೆಳು ಮಾಡೋ ಗುಳಿಗಿ ವಾರ ಬಿಟ್ಟು ಬರ್ರಿ’ ಅಂದಾರ. ಹೆಂಗೂ ಶ್ರಾವಣದ ಉಪವಾಸ ಐತಿ ಅಂತ ಇವರು ನಿನ್ನೆಯಿಂದ ಬಿಟ್ಟಾರ.

ಉತ್ತರ: ತಂಗೀ, ಇದನ್ನ ಓದಿದ ತಕ್ಷಣ ಅವರ ಡಾಕ್ಟರಿಗೆ ಫೋನ್ ಮಾಡು. ಎರಡೂ ಗುಳಿಗಿ ಇವತ್ತೇ ಮತ್ತೆ ಶುರು ಆಗಬೇಕು. ಹೊಸ ಸ್ಟೆಂಟಿನ ಲೋಹದ ಮೇಲೆ ಒಳಪೊರೆ ಬೆಳೆಯೋ ತನಕ ಅಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದ್ದೇ ಇರುತ್ತೆ. ಹಾಗೆ ಕಟ್ಟಿದ್ರೆ ದೊಡ್ಡ ಅಟ್ಯಾಕೇ. ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆಗಿನ ಎರಡನೇ ಗುಳಿಗಿ, ಕ್ಲೊಪಿಡೊಗ್ರೆಲ್ ಇರ್ಲಿ ಟಿಕಾಗ್ರೆಲಾರ್ ಇರ್ಲಿ, ಸಾಮಾನ್ಯವಾಗಿ 12 ತಿಂಗಳು. ಅಟ್ಯಾಕ್ ಆಗದೆ ಹಾಕಿಸ್ಕೊಂಡವರಿಗೆ ಸುಮಾರು 6. ಯಾರಿಗೆ ಕಡಿಮೆ ಸಾಕು ಅನ್ನೋದನ್ನ ಸ್ಟೆಂಟ್ ಹಾಕಿದವರು ಹೇಳ್ಬೇಕು, ಮತ್ಯಾರೂ ಅಲ್ಲ. ಒಂದು ಹಲ್ಲನ್ನ ಗುಳಿಗಿ ನಡೆಸ್ಕೊಂಡೇ ಕೀಳಬಹುದು, ಹತ್ತಿ ಒತ್ತಿ ಹಿಡಿದ್ರೆ ರಕ್ತ ನಿಲ್ಲುತ್ತೆ. ಉಪವಾಸ ಮಾಡೋರು ಬೇಕಾದ್ರೆ ಹಾಲು, ಹಣ್ಣಿನ ಜೊತೆ ನುಂಗ್ಲಿ. ಶಿವ ಏನೂ ಅನ್ನೋದಿಲ್ಲ.

ಪ್ರಶ್ನೆ (ನವನಗರ, ಹುಬ್ಬಳ್ಳಿ): ದರ?

ಉತ್ತರ: ಸ್ಟೆಂಟಿಗೆ ಸರ್ಕಾರದ ಗರಿಷ್ಠ ದರ 2017ರಿಂದ ಇದೆ. ಮೊದಲು ನಿಗದಿಯಾದಾಗ ಔಷಧಿ ಲೇಪಿತದ್ದು 29,600 ರೂಪಾಯಿ, ಆಮೇಲೆ ಪರಿಷ್ಕರಣೆ ಆಗ್ತಾ ಬಂದಿದೆ. ಡಬ್ಬಿ ಮೇಲಿನ ಸ್ಟಿಕರನ್ನ ಫೈಲಿಗೆ ಹಚ್ಚಿರ್ತಾರೆ, ಬಿಲ್ಲಿನ ಜೊತೆ ತಾಳೆ ನೋಡ್ರಿ.

ಪ್ರಶ್ನೆ (ಬೆಟಗೇರಿ, ಮೂರು ವಾರದ ನಂತರ): ಡಾಕ್ಟ್ರ, ಸಿ.ಡಿ. ಬ್ಯಾರೆ ಕಡೆ ತೋರಿಸಿದ್ವಿ. ಲೆಫ್ಟ್ ಮೇನ್ ಚಲೋ ಐತಂತ. 50ರದ್ದಕ್ಕ ಪ್ರೆಶರ್ ವೈರ್ ಹಾಕಿ ನೋಡೂಣು, ಹಾಕೂದು ಬ್ಯಾಡ ಆಗಬಹುದು ಅಂದಾರ. ಗುಳಿಗಿ ಪೂರ್ತಿ ಡೋಸಿಗೆ ಬಂದ್ರೂ ಮೆಟ್ಟಲಾ ಹತ್ತಿದ್ರ ಬಿಗಿಯೋದು ನಿಂತಿಲ್ಲ. ಬಲಗಡೆದಕ್ಕ ಸ್ಟೆಂಟ್ ಹಾಕಿಸ್ಕೋತೇನಿ ಅಂತ ಅಪ್ಪನ ಅಂದಾನ, ಸೋಮವಾರ ಹೊಂಟೀವಿ. ಆದ್ರ ಆಂಜಿಯೋಗ್ರಾಂ ಮಾಡಿದ ಬಲಗೈ ವಾರ ನೀಲಿಗಟ್ಟಿತ್ತು. ಲಾಳಿ ಹೊಡ್ಯೂ ಕೈ ಅದು, ಅದಕ್ಕೇನರ ಆದ್ರ ಹೆಂಗ ಅಂತ ಅವನ ಚಿಂತಿ.

ಉತ್ತರ: ಹಂಗಿದ್ರೆ ಹಾಕಿಸೋದು ಸರಿ. 50ರದ್ದರ ಬಗ್ಗೆಯೂ ಸರಿಯಾಗೇ ಹೇಳ್ಯಾರ. ಪ್ರೆಶರ್ ವೈರ್ ಅಂದರೆ ಬ್ಲಾಕಿನ ಆಚೀಚೆ ರಕ್ತದ ಒತ್ತಡ ಅಳೆಯೋ ತಂತಿ. ಅದರ ಅಂಕಿ 0.80ಕ್ಕಿಂತ ಮೇಲಿದ್ರೆ ಆ ಬ್ಲಾಕನ್ನ ಮುಟ್ಟೋದು ಬೇಡ. ನೀಲಿಗಟ್ಟೋದು ಚರ್ಮದ ಕೆಳಗೆ ರಕ್ತ ಸೋರಿ, ತಾನಾಗೇ ಹೋಗುತ್ತೆ. ಕೆಲವರಿಗೆ ಮಣಿಕಟ್ಟಿನ ಆ ನಾಳ ಮುಚ್ಚಿಕೊಂಡ್ರೂ ಅಂಗೈಗೆ ರಕ್ತ ಕೊಡೋಕೆ ಇನ್ನೊಂದು ನಾಳ ಇದೆ. ಆದರೂ ಕೇಳೋದ್ರಲ್ಲಿ ತಪ್ಪಿಲ್ಲ, ‘ಎಡಗೈಯಿಂದ ಮಾಡ್ರಿ, ಅಪ್ಪ ನೇಕಾರ’ ಅಂತ ಒಳಗೆ ಹೋಗೋ ಮುಂಚೆಯೇ ಹೇಳ್ರಿ. ಎಡಗೈಯಿಂದಲೂ ಆಗ್ತದೆ. ಆಮೇಲೆ ಒಂದು ವಾರ ಮಗ್ಗಕ್ಕೆ ರಜಾ.