'ಶ್ವಾಸಕೋಶದಲ್ಲಿ ನೀರು': ಒಳನೀರೋ, ಹೊರನೀರೋ?

ಪ್ರಶ್ನೆ

ಎದೆ ಎಕ್ಸ್‌ರೇ ವರದಿ ಓದಿಕೊಳ್ಳಲು ನೆರವಾಗುವ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. 'ಪ್ಲೂರಲ್ ಎಫ್ಯೂಷನ್', 'ಪಲ್ಮನರಿ ಎಡಿಮಾ' ಎರಡಕ್ಕೂ 'ಶ್ವಾಸಕೋಶದಲ್ಲಿ ನೀರು ತುಂಬಿದೆ' ಎಂದೇ ಬರೆದಿದ್ದಾರೆ. ಜನ ಆಡುವುದೂ ಹಾಗೇ. ಬೇರೆ ಮಾಡಬೇಕೇ? ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ಜಾಗಕ್ಕೆ ಹೇಳುವ 'ಒಪ್ಯಾಸಿಟಿ'ಗೆ 'ನೆರಳು' ನಡೆಯುತ್ತದೆಯೇ?

ಉತ್ತರ 1

ಬೇರೆ ಮಾಡಲೇಬೇಕು. ಎಫ್ಯೂಷನ್ನಿನ ನೀರು ನಿಲ್ಲುವುದು ಶ್ವಾಸಕೋಶದ ಹೊರಗೆ, ಎರಡು ಪೊರೆಗಳ ನಡುವೆ. ಎಡಿಮಾದ ನೀರು ಇರುವುದು ಒಳಗೆ, ಗಾಳಿಚೀಲಗಳಲ್ಲಿ ಮತ್ತು ಅವುಗಳ ಗೋಡೆಗಳಲ್ಲಿ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಹೊರನೀರು ತಳ ಹಿಡಿಯುತ್ತದೆ: ಸುಮಾರು 200 ಮಿ.ಲೀ. ಸೇರಿದರೆ ಪಕ್ಕೆಲುಬೂ ವಪೆಯೂ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಕೂಡುವ ಚೂಪು ಮೂಲೆ ಮೊಂಡಾಗುತ್ತದೆ, ನೀರಿನ ಮೇಲಂಚು ಪಕ್ಕೆಯತ್ತ ಏರಿ ಬಾಗಿರುತ್ತದೆ. ಒಳನೀರು ಸಾಮಾನ್ಯವಾಗಿ ಹೃದಯದ ಎರಡೂ ಬದಿಗೆ ಬಾವಲಿಯ ರೆಕ್ಕೆಯಂತೆ ಹರಡಿದ ಬಿಳುಪು. ಮಲಗಿಸಿ ತೆಗೆದ ಚಿತ್ರದಲ್ಲಿ ಈ ಗುರುತು ನೆಚ್ಚುವಂತಿಲ್ಲ. ಹೊರನೀರು ಬೆನ್ನ ಕಡೆ ಹರಡಿ ಇಡೀ ಬದಿಗೆ ಮಂಜು ಮುಸುಕಿದಂತೆ ಕಾಣುತ್ತದೆ. ಆಗ ಅಲ್ಟ್ರಾಸೌಂಡಿನಿಂದ ಖಚಿತವಾಗುತ್ತದೆ.

ಹೊರನೀರನ್ನು ಸೂಜಿಯಿಂದ ಎಳೆಯಬಹುದು. ಸೂಜಿ ಪಕ್ಕೆಲುಬಿನ ಮೇಲಂಚಿನ ಮೇಲೆಯೇ ಹೋಗಬೇಕು, ಕೆಳಂಚಿನಲ್ಲಿ ರಕ್ತನಾಳ, ನರಗಳಿವೆ. ಒಳನೀರಿಗೆ ಸೂಜಿಯ ಮಾತೇ ಇಲ್ಲ. ಹೃದಯದಿಂದ ಬಂದದ್ದಾದರೆ ಆಮ್ಲಜನಕ, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಜೊತೆಗೆ ಹೃದಯಕ್ಕೆ ಬೇಕಾದ ಚಿಕಿತ್ಸೆ. 'ನೀರು ತುಂಬಿದೆಯಲ್ಲ, ತೆಗೆದುಬಿಡಿ ಡಾಕ್ಟ್ರೇ' ಎಂದು ಮನೆಯವರು ಹಟ ಹಿಡಿದರೆ ತಪ್ಪು ಅವರದಲ್ಲ, ನಾವು ಕೊಟ್ಟ ಪದದ್ದು.

ಎಫ್ಯೂಷನ್ನಿಗಿರುವ 'ಫುಪ್ಫುಸಾವರಣ ದ್ರವಸಂಚಯ' ನಿಘಂಟಿನಲ್ಲೇ ಇರಲಿ. ಅದಕ್ಕೆ 'ಶ್ವಾಸಕೋಶದ ಸುತ್ತ ನೀರು', ಎಡಿಮಾಕ್ಕೆ 'ಶ್ವಾಸಕೋಶದೊಳಗೆ ನೀರು' ಸಾಕು.

'ನೆರಳು' ಬೇಡ. ನೆರಳೆಂದರೆ ಕಪ್ಪು, ಒಪ್ಯಾಸಿಟಿ ಬಿಳಿ. ಫಿಲ್ಮನ್ನು ಬೆಳಕಿಗೆ ಹಿಡಿದವರು ಗಾಳಿ ತುಂಬಿದ ಆರೋಗ್ಯದ ಕಪ್ಪನ್ನೇ ರೋಗವೆಂದುಕೊಳ್ಳುತ್ತಾರೆ. ಸಣ್ಣದಕ್ಕೆ 'ಬಿಳಿ ಮಚ್ಚೆ', ಹರಡಿದ್ದಕ್ಕೆ 'ಬಿಳುಪು' ಅನ್ನಿ.

ಉತ್ತರ 2

ಒಪ್ಪಿದೆ, ಆದರೆ ಹೃದಯ ಸೋತಾಗ ಎರಡು ನೀರೂ ಒಟ್ಟಿಗೆ ಬರಬಹುದು. ಆಗ ಸುತ್ತಲಿನ ನೀರಿಗೂ ಮೊದಲು ಮೂತ್ರದ ಔಷಧವೇ. ಒಂದೇ ಬದಿಗೆ ನಿಂತಿದ್ದರೆ, ಜ್ವರವಿದ್ದರೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸುತ್ತಾರೆ. ಕ್ಷಯವೂ ಇರಬಹುದಲ್ಲ.

ಅದೇ ಕರಪತ್ರದಲ್ಲಿ 'ಹೃದಯ ದೊಡ್ಡದಾಗಿದೆ' ಎಂಬುದನ್ನೂ ನೋಡಿ. ಹೃದಯದ ಅಗಲ ಎದೆಗೂಡಿನ ಒಳ ಅಗಲದ ಅರ್ಧ ಮೀರಿದರೆ ಹಾಗೆನ್ನುತ್ತಾರೆ, ಅದೂ ಬೆನ್ನಿನಿಂದ ಕಿರಣ ಹಾಯಿಸಿ ತೆಗೆದ ಚಿತ್ರದಲ್ಲಿ. ಹಾಸಿಗೆಯ ಬಳಿ ಎದುರಿನಿಂದ ತೆಗೆದರೆ ಸರಿಯಾದ ಹೃದಯವೂ ಹಿಗ್ಗಿದಂತೆ ಕಾಣುತ್ತದೆ. 'ದೊಡ್ಡದಾಗಿ ಕಾಣುತ್ತಿದೆ' ಎಂದರೆ ಕ್ಷೇಮ.

ನಿಮ್ಮ ಎರಡು ಪದಗಳಿಗೆ ನಿಜವಾದ ಪರೀಕ್ಷೆ ಈ ಎಚ್ಚರಿಕೆ: ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಎಳೆಯದಿರುವುದು ರೂಢಿ, ಏಕೆಂದರೆ ಮುದುಡಿದ್ದ ಶ್ವಾಸಕೋಶ ಸರ್ರನೆ ಅರಳಿ ಎಡಿಮಾ ಆಗಬಹುದು. ಹಳೆಯ ಪದದಲ್ಲಿ ಬರೆದರೆ 'ಶ್ವಾಸಕೋಶದ ನೀರು ತೆಗೆದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ' ಎಂದಾಗುತ್ತದೆ. 'ಸುತ್ತಲಿನ ನೀರನ್ನು ಒಮ್ಮೆಗೇ ತೆಗೆದರೆ ಒಳಗೆ ನೀರು ಇಳಿಯಬಹುದು' ಅಂದರೆ ಯಾರಿಗಾದರೂ ತಿಳಿಯುತ್ತದೆ.